ದೊಡ್ಡಪ್ಪನ ಪರವಾಗಿ ಮಾತಾಡೋರು ಯಾರು?

ಕರೆಂಟ್ ಇದ್ದೂ ಮಗ್ಗ ನಿಂತಿದೆ ಅಂದರೆ ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಒಂದೇ ಅರ್ಥ. ಆ ಮನೆಯಲ್ಲಿ ಯಾರೋ ಹೋಗಿಬಿಟ್ಟಿದ್ದಾರೆ.

"ತಕ್ಷಣ ಹೊರಟು ಬಾ" ಎಂಬ ಫೋನಿಗೆ ಮೊನ್ನೆ ಬುಧವಾರ ಓಡಿಹೋದ ನಾನು, ದೊಡ್ಡಪ್ಪನ ಮನೆ ಮುಂದೆ ನಿಂತು ಕಿವಿಗೊಟ್ಟೆ. ಅಕ್ಕಪಕ್ಕದ ಪವರ್‌ಲೂಮ್‌ಗಳೆಲ್ಲ ಬಡಿದುಕೊಳ್ಳುತ್ತಿವೆ. ಇವರ ಮನೆಯಲ್ಲಿ ಮಾತ್ರ ಸದ್ದೇ ಇಲ್ಲ!

ಒಳಗೆ ನೋಡಿದರೆ? ದೊಡ್ಡಪ್ಪ ಕುರ್ಚಿಯಲ್ಲಿ ಕೂತು ಚಿತ್ರಾನ್ನ ತಿನ್ನುತ್ತಿದ್ದಾರೆ. ಸಿಟ್ಟು ಮಾಡಿಕೊಳ್ಳಬೇಕೋ, ಕುಣಿಯಬೇಕೋ?

"ಯಾರಿಗೇನಾಯ್ತು ದೊಡ್ಡಪ್ಪ?"

"ಏನೂ ಆಗಿಲ್ಲ ಕಣಪ್ಪ. ಆಗೋಕ್ ಮುಂಚೆ ಹೇಳ್ಬಿಡೋಣ ಅಂತ ಎಲ್ರನ್ನೂ ಕರೆಸ್ದೆ. ಸರಿಯಾಗಿ ಕೇಳಿಸ್ಲಿ ಅಂತ ಮಗ್ಗ ನಿಲ್ಸಿದೀನಿ."

ಅವರ ಗೆಳೆಯರೊಬ್ಬರು ಈಚೆಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಬಾಯಿಗೆ ನಳಿಗೆ, ಉಸಿರಿಗೆ ಮೆಷಿನ್. ಅದನ್ನು ಇನ್ನೂ ಇಡಬೇಕೋ ಬೇಡವೋ ಎಂದು ಮಕ್ಕಳು ವರಾಂಡದಲ್ಲೇ ಜಗಳಕ್ಕೆ ಬಿದ್ದರಂತೆ. ಅಪ್ಪನಿಗೇನು ಬೇಕಿತ್ತೆಂದು ಒಬ್ಬರಿಗೂ ಗೊತ್ತಿರಲಿಲ್ಲ.

"ವಾಸಿಯಾಗೋ ಹಂಗಿದ್ರೆ ಏನ್ ಬೇಕಾದ್ರೂ ಮಾಡ್ಸಿ," ಎಂದರು ದೊಡ್ಡಪ್ಪ. "ಇನ್ನು ಏಳಲ್ಲ ಅಂತ ಡಾಕ್ಟ್ರು ಅಂದ್ರೆ ಮೆಷಿನ್ ಬೇಡ, ಮನೆಗೆ ಕರ್ಕೊಂಡ್ ಬಂದ್ಬಿಡಿ. ನಂಗೆ ಮಾತು ನಿಂತೋದ್ರೆ ನನ್ನ ಪರವಾಗಿ ಸರೋಜ ಹೇಳ್ತಾಳೆ."

(ಇದಕ್ಕೆಲ್ಲ ಕಾಯಿದೆ ಇದೆಯೋ ಇಲ್ಲವೋ, ಅವರಿಗೆ ಅದರ ಚಿಂತೆಯೇ ಇಲ್ಲ.)

ಸರೋಜ ಅಂದರೆ ಕಿರಿಸೊಸೆ! ನೆಲಮಂಗಲದ ಲಾರಿ ಆಫೀಸಿಗೆ ರಜೆ ಹಾಕಿ ಬಂದಿದ್ದ ಹಿರಿಮಗ ನಾಗರಾಜನ ಮುಖ ಕೆಂಪಾಯಿತು. "ನಾನಿಲ್ವಾ ಅಪ್ಪಾ? ಹಿರಿಮಗ ಅಂತ ಯಾಕಿರೋದು?"

ದೊಡ್ಡಪ್ಪ ವಾದ ಮಾಡಲಿಲ್ಲ. ಎದ್ದು ಮಗ್ಗಗಳನ್ನೆಲ್ಲ ಆನ್ ಮಾಡಿಬಿಟ್ಟರು! ಕಿವಿ ಕಿತ್ತುಹೋಗುವ ಸದ್ದು. ಮತ್ತೆ ಬಂದು ಕುರ್ಚಿಯಲ್ಲಿ ಕೂತು, ಮಾತು ನಿಂತವರಂತೆ ತುಟಿ ಬಿಚ್ಚದೆ, ಏನೋ ಬೇಕೆಂದು ಕೈಸನ್ನೆ ಮಾಡತೊಡಗಿದರು.

"ನೀರಂತೆ!" ಎಂದು ಕಿರುಚಿ ನಾಗರಾಜ ಚೊಂಬು ತಂದ. ಅಲ್ಲ. ಓಡಿಹೋಗಿ ಫ್ಯಾನ್ ಹಾಕಿದ. ಅದೂ ಅಲ್ಲ. ಸರೋಜ ಬಂದು ಮಾವನ ಬೆನ್ನಿಗೊಂದು ದಿಂಬು ಕೊಟ್ಟು, ಕಣ್ಣಿಗೆ ಬಿಸಿಲು ಹೊಡೆಯುತ್ತಿದ್ದ ಕಿಟಕಿ ಮುಚ್ಚಿದಳು. ದೊಡ್ಡಪ್ಪ ಚಪ್ಪಾಳೆ ತಟ್ಟಿದರು! ಮದುವೆಯಾಗಿ ಬಂದಾಗಿನಿಂದ ಆ ಗದ್ದಲದಲ್ಲಿ ಮಾವನ ಜೊತೆ ಕೈಸನ್ನೆಯಲ್ಲೇ ಮಾತಾಡಿಕೊಂಡು ನೇಯ್ದವಳು ಅವಳು. ನಾನಂತೂ ಶಿಳ್ಳೆ ಹೊಡೆಯುವುದೊಂದು ಬಾಕಿ.

ಮಗ್ಗ ನಿಲ್ಲಿಸಿ ದೊಡ್ಡಪ್ಪ ಮಗನ ಹೆಗಲ ಮೇಲೆ ಕೈ ಹಾಕಿದರು. "ನೀನು ಒಳ್ಳೇವ್ನೇ ಕಣೋ. ಆದ್ರೆ ನಿಂಗೇನ್ ತೋಚುತ್ತೋ ಅದನ್ನ ಮಾಡ್ತೀಯ. ಇವ್ಳು ನಂಗೇನ್ ಬೇಕು ಅಂತ ನೋಡ್ತಾಳೆ."

ನಾಗರಾಜ ತಲೆ ತಗ್ಗಿಸಿದ. ಆಮೇಲೆ ತಾನೇ ನಕ್ಕ. "ನಂಗೂ ಕಲ್ಸಮ್ಮ ಸರೋಜ."

ಎಂಥಾ ದಿನ ಸ್ವಾಮಿ ಅದು! ಮದುವೆಗೆ ಅಡುಗೆಯವರನ್ನು ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡುವ ನಾವು, ಈ ವಿಷಯ ಎತ್ತಿದರೆ ಮಾತ್ರ "ಬಿಡ್ತು ಅನ್ನು" ಎಂದು ಬಾಯಿ ಮುಚ್ಚಿಸುತ್ತೇವಲ್ಲ, ಯಾಕೆ?

ಅದೇ ಹುರುಪಿನಲ್ಲಿ ಮನೆಗೆ ಬಂದು ಹೆಂಡತಿಗೆ ಎಲ್ಲ ವರದಿ ಒಪ್ಪಿಸಿದೆ. "ಸರಿ, ನಿಮಗೇನು ಬೇಕು? ಈಗಲೇ ಹೇಳ್ಬಿಡಿ," ಎಂದು ಅವಳು ಎದುರಿಗೇ ಕೂತಳು.

ವಾರವಾರ ಈ ಅಂಕಣದಲ್ಲಿ ಊರಿಗೆಲ್ಲ ಬುದ್ಧಿ ಹೇಳುವ ನಾನು ಎದ್ದುಹೋಗಿ ಟಿವಿ ಸದ್ದು ಜೋರು ಮಾಡಿದೆ, ನೀವಾದರೆ ಹೇಳುತ್ತಿದ್ದಿರಾ?