ಫ್ರೆಂಚ್ ಸರ್ ಮತ್ತು ಖಾನಾಪುರದ ಗೆಳೆಯ

ಪರದೆಯ ಬೆಳಕು ಮುಖಕ್ಕೆ ಬಿದ್ದಾಗ ನಮ್ಮ ಫ್ರೆಂಚ್ ಸರ್ ಅವರ ತುಟಿಗಳು ಅಲುಗುವುದು ಕಾಣುತ್ತಿತ್ತು. ಪಾತ್ರಗಳ ಮಾತನ್ನೆಲ್ಲ ಅವರು ಸದ್ದಿಲ್ಲದೆ ತಾವೂ ಆಡುತ್ತಿದ್ದರು. ಕಾಲೇಜಿನಲ್ಲಿ ಫ್ರೆಂಚ್ ಕಲಿಸಿ ನಿವೃತ್ತರಾದ ಮೇಲೆ, ಶಿವಬಸವ ನಗರದ ಮನೆಯ ಪಡಸಾಲೆಯಲ್ಲಿ ಭಾನುವಾರ ಮಧ್ಯಾಹ್ನ ನಮ್ಮಂಥ ಹಳೆಯ ವಿದ್ಯಾರ್ಥಿಗಳಿಗೆ ಫ್ರೆಂಚ್ ಸಿನಿಮಾ ತೋರಿಸುತ್ತಿದ್ದರು. ಹೆಚ್ಚಿನವು ಒಂದೇ ಬಗೆಯ ಕಥೆ: ಇಬ್ಬರು ಜೀವದ ಗೆಳೆಯರು, ಇಬ್ಬರೂ ಮೆಚ್ಚಿದ ಒಬ್ಬಳು. ಅವರ ಹೆಂಡತಿಯನ್ನು ನಾವು ಕಾಕು ಎನ್ನುತ್ತಿದ್ದೆವು. ಅಂಥ ಸಿನಿಮಾ ಶುರುವಾದರೆ ಕಾಕು ಚಹಾ ಕೊಟ್ಟು ಒಳಗೆ ಹೋಗಿಬಿಡುತ್ತಿದ್ದರು.

"ಇದರಾಗ ಕೆಟ್ಟವರು ಯಾರೂ ಇಲ್ಲ ನೋಡ್ರಿ," ಎನ್ನುತ್ತಿದ್ದರು ಸರ್. "ಕೆಟ್ಟವ ಒಬ್ಬ ಇದ್ದಿದ್ರ ಎಷ್ಟು ಹಗುರ ಆಗ್ತಿತ್ತು."

ಅದು ಅವರದೇ ಕಥೆ ಎಂದು ನನಗೆ ತಿಳಿದದ್ದು ಕಾಕು ತೀರಿಕೊಂಡ ಮೇಲೆ. ಖಾನಾಪುರದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಗೆಳೆಯರೊಬ್ಬರ ಜೊತೆ ಸೇರಿ ಸರ್ ಹರೆಯದಲ್ಲಿ ಈ ಸಿನಿಮಾಗಳನ್ನು ತರಿಸಿ ತೋರಿಸುತ್ತಿದ್ದರಂತೆ. ನೋಡಲು ಬರುತ್ತಿದ್ದ ಕಾಲೇಜು ಹುಡುಗಿ ಕಾಕು. ಗೆಳೆಯ ತಮ್ಮ ಮನಸ್ಸಿನ ಮಾತು ತಲುಪಿಸಲು ಸರ್ ಅವರನ್ನೇ ಕಳಿಸಿದರು. ಸರ್ ಹೋಗಿ ಹೇಳಿದರು. ನನಗೆ ನೀವೇ ಬೇಕು ಅಂದಳು ಹುಡುಗಿ. ಮದುವೆಯಾದ ಮೇಲೆ ಗೆಳೆಯ ಈ ಮನೆಯ ಹೊಸ್ತಿಲು ತುಳಿಯಲಿಲ್ಲ. ಸರ್ ಖಾನಾಪುರದ ಕಡೆ ಹೋಗಲಿಲ್ಲ.

ಕಾಕು ಹೋಗಿ ತಿಂಗಳಾದಾಗ, ಆ ಸುದ್ದಿಯನ್ನು ಗೆಳೆಯನಿಗೆ ತಾವೇ ಎದುರು ಕೂತು ಹೇಳಬೇಕು ಎಂದು ಸರ್ ಖಾನಾಪುರಕ್ಕೆ ಹೋಗಲು ನನ್ನ ಸ್ಕೂಟಿ ಹತ್ತಿದರು. ದಾರಿಯಲ್ಲಿ ಪೀರನವಾಡಿ ದಾಟುವತನಕ ಹೇಗೆ ಹೇಳಲಿ ಎಂದು ನನ್ನನ್ನೇ ಕೇಳುತ್ತಿದ್ದರು. ಸರ್ ಅವರನ್ನು ಕಂಡವರೇ ಗೆಳೆಯ ಕುರ್ಚಿ ಒರೆಸಿ ಕೂರಿಸಿ, ಕೈ ಹಿಡಿದುಕೊಂಡರು. ಹಳೆಯ ಸಿನಿಮಾಗಳ ಮಾತು ಎಷ್ಟೋ ಹೊತ್ತು ನಡೆಯಿತು. ಇಬ್ಬರೂ ಹುಡುಗರ ಹಾಗೆ ನಕ್ಕರು. ಆಗ ಗೆಳೆಯ ಮೆಲ್ಲಗೆ ಕೇಳಿದರು, "ಆಕಿ ಹೆಂಗದಾಳ?"

ಸರ್ ಚಹಾದ ಬಸಿ ಕೆಳಗಿಟ್ಟರು. "ಆರಾಮ ಅದಾಳ."

ಮರಳುವಾಗ ನನಗೆ ಹೇಳಿದರು: "ನಕ್ಕೋತ ಕುಂತಿದ್ದನಲ್ಲ ಮಗಳ, ಬಾಯಿ ಬರಲಿಲ್ಲ. ಮುಂದಿನ ಸಲ ಹೇಳೂಣು."

ಮುಂದಿನ ಸಲ ಬರಲಿಲ್ಲ. ಮಳೆಗಾಲಕ್ಕೆ ಮೊದಲೇ ಸರ್ ಹೃದಯಾಘಾತವಾಗಿ ಹೋದರು.

ಸುದ್ದಿ ತಿಳಿಸಿದವಳು ನಾನೇ. ಗೆಳೆಯ ಮೊದಲ ಬಸ್ಸಿಗೆ ಬಂದರು. ಕಾಕು ವಿಷಯ ಅವರಿಗೆ ಹೇಗೆ ಹೇಳುವುದೆಂದು ನಾನು ತಡವರಿಸುತ್ತಿದ್ದೆ. ಅವರು ಸರ್ ಪಕ್ಕದಲ್ಲಿ ಕೂತು, ಕೊರಳಿನ ಹಾರ ಸರಿಪಡಿಸುತ್ತ ಅಂದರು:

"ಆಕಿ ಹೋಗಿದ್ದು ನೀವು ಬಂದಾಗನ ನನಗ ಗೊತ್ತಿತ್ತವ್ವಾ. ಪೇಪರಿನ್ಯಾಗ ಫೋಟೋ ಬಂದಿತ್ತು. ಅವ ಹೇಳ್ತಾನ, ಇಬ್ಬರೂ ಕೂಡಿ ಅಳೂಣು ಅಂತನ ಆಕಿ ಹೆಂಗದಾಳಂತ ಕೇಳಿದ್ದೆ."