ಎದುರು ಮನೆಯಲ್ಲಿಟ್ಟ ಚೀಲ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಇಂಟರ್‌ವ್ಯೂ ಎಂದು ಮೊಬೈಲಿಗೆ ಮೆಸೇಜ್ ಬಂದ ದಿನ ನಾನು ಮೊದಲು ಮಾಡಿದ ತಪ್ಪು, ಅದನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದ್ದು. ಅಮ್ಮ ಖುಷಿಪಡುವುದನ್ನು ಬಿಟ್ಟು ಎದ್ದುಹೋಗಿ ಗೋಡೆಯ ಕ್ಯಾಲೆಂಡರ್ ನೋಡಿದಳು. ಸೋಮವಾರ ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ ಎಂಬುದು ಅವಳಿಗೆ ನಿದ್ದೆಯಲ್ಲಿ ಕೇಳಿದರೂ ಗೊತ್ತು. ಆದರೂ ನೋಡಿದಳು.

"ಎಂಟೂವರೆಗೆ ಮನೆ ಬಿಡ್ಬೇಕಾಗುತ್ತೆ. ಸರಿಯಾಗಿ ರಾಹುಕಾಲದಲ್ಲೇ ಕಾಲಿಟ್ಟಂಗೆ," ಅಂದಳು.

"ಹಂಗಾದ್ರೆ ಅವರಿಗೆ ಫೋನ್ ಮಾಡ್ತೀನಿ. ನಮ್ಮಮ್ಮ ಒಪ್ತಾ ಇಲ್ಲ, ಸ್ವಲ್ಪ ಮುಂದಕ್ಕೆ ಹಾಕಿ ಸಾರ್ ಅಂತ."

"ಏಳು ಗಂಟೆಗೇ ಹೊರಟುಬಿಡು."

"ಹೋಗಿ ಅಲ್ಲಿ ಬಾಗಿಲು ಕಾಯ್ಲಾ? ನೀರು ಬಿಡೋದು ಅದೇ ಹೊತ್ತಿಗೆ. ಹಿಡಿಯೋರ್ಯಾರು, ನೀನಾ?"

ನಮ್ಮಿಬ್ಬರ ಸಂಸಾರ ಹೀಗೇ. ಬಾಪೂಜಿನಗರದ ಒಂದು ಹಳೆಯ ವಠಾರದಲ್ಲಿ ನಾನು, ಅಮ್ಮ. ಅಪ್ಪ ಮಿಲ್ಲಿನಲ್ಲಿದ್ದವರು, ತೀರಿಕೊಂಡು ಬಹಳ ಕಾಲವಾಯಿತು. ನನಗೆ ಮದುವೆ ಆಗಲಿಲ್ಲ. ಅದರ ಕತೆ ಇಲ್ಲಿ ಬೇಡ, ಹೇಳಿ ಹೇಳಿ ನನಗೇ ಬೇಜಾರಾಗಿದೆ. ನಾಯಂಡಹಳ್ಳಿಯ ಒಂದು ಪ್ಲಾಸ್ಟಿಕ್ ಸಾಮಾನಿನ ಫ್ಯಾಕ್ಟರಿಯ ಆಫೀಸಿನಲ್ಲಿ ಹುಡುಗಿಯಾಗಿ ಸೇರಿದವಳು, ಅದು ಮುಚ್ಚುವವರೆಗೂ ಅಲ್ಲೇ ಇದ್ದೆ. ಫೋನು ಎತ್ತುವುದು, ಬಂದವರನ್ನು ಕೂರಿಸುವುದು, ಹಾಜರಿ, ಲಾರಿಗೆ ಮಾಲು ಕಳಿಸುವ ಬಿಲ್ಲು, ಎಲ್ಲ ನಾನೇ. ದೊಡ್ಡ ಯಜಮಾನರು ಹೋದಮೇಲೆ ಮಗ ಜಾಗ ಮಾರಿದ. ಈಗ ಅಲ್ಲಿ ಪಾರ್ಸೆಲ್ ಗೋಡೌನ್ ಇದೆ. ಅದಾಗಿ ಒಂದು ವರ್ಷದ ಮೇಲಾಗಿತ್ತು, ನಾನು ಮನೆಯಲ್ಲೇ ಇದ್ದೆ. ನಲವತ್ತಾರನೇ ವಯಸ್ಸಿನಲ್ಲಿ ಬೆಳಿಗ್ಗೆ ತಲೆ ಬಾಚಿಕೊಂಡು ಎಲ್ಲಿಗೂ ಹೋಗದೆ ಕೂರುವುದು ಎಂಥ ನಾಚಿಕೆಯ ಕೆಲಸ ಎಂದು ಕೆಲಸ ಇದ್ದವರಿಗೆ ಹೇಳಿದರೆ ತಿಳಿಯುವುದಿಲ್ಲ. ಅಣ್ಣ ವಿಜಯನಗರದಲ್ಲಿದ್ದ, ಕೇಳಿದರೆ ಇಲ್ಲ ಅನ್ನುವವನಲ್ಲ. ಆದರೆ ಕೇಳುವುದಿದೆಯಲ್ಲ, ಅದು ನನ್ನಿಂದ ಆಗುತ್ತಿರಲಿಲ್ಲ. ಹಾಗಾಗಿ ಬಸವೇಶ್ವರನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನವರು ರಿಸೆಪ್ಷನ್ ಕೆಲಸಕ್ಕೆ ಕರೆದದ್ದು ನನಗೆ ದೇವರೇ ಕರೆದ ಹಾಗಿತ್ತು. ಅಷ್ಟು ದಿನ ಅರ್ಜಿ ಹಾಕಿದ್ದರಲ್ಲಿ ಕರೆ ಬಂದದ್ದು ಅದೊಂದೇ.

ಕರೆ ಬಂದದ್ದಕ್ಕೆ ಕಾರಣ ಅಣ್ಣನ ಮಗಳು. ಅವಳು ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿ ಆಗಷ್ಟೇ ಎರಡನೇ ಸಂಬಳ ತೆಗೆದುಕೊಂಡಿದ್ದವಳು. ನನ್ನ ಬಯೋಡೇಟಾ ನೋಡಿ ತಲೆ ಚಚ್ಚಿಕೊಂಡಳು. ಎಸ್‌ಎಸ್‌ಎಲ್‌ಸಿ ಪಾಸಾದ ವರ್ಷ ತೆಗೆದಳು, ಹುಟ್ಟಿದ ತಾರೀಕು ತೆಗೆದಳು, ಫೋಟೋ ತೆಗೆದಳು.

"ಇಷ್ಟೆಲ್ಲ ತೆಗೆದ್ರೆ ಉಳಿಯೋದು ಯಾರೇ?" ಅಂದೆ.

"ಎಕ್ಸ್‌ಪೀರಿಯೆನ್ಸ್ ಉಳಿಯುತ್ತೆ ಅತ್ತೆ. ಸುಮ್ನಿರಿ."

ಭಾನುವಾರ ಬೆಳಿಗ್ಗೆ ಬಂದು ನನಗೆ ಪಾಠ ಮಾಡಿದಳು. ಸ್ಟೀಲ್ ಬೀರುವಿನ ಕನ್ನಡಿಯ ಮುಂದೆ ಕುರ್ಚಿ ಹಾಕಿ ನನ್ನನ್ನು ಕೂರಿಸಿ, ತಾನು ಮಂಚದ ಮೇಲೆ ಕೂತು ಸಾಹೇಬಳಾದಳು. ನಿಮ್ಮ ಬಗ್ಗೆ ಹೇಳಿ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು. ನಾನು ಹೆಸರು, ಊರು, ಅಪ್ಪನ ಹೆಸರು ಹೇಳಿದರೆ, "ಅಪ್ಪನ ಹೆಸರ್ಯಾಕೆ ಅತ್ತೆ, ರೇಷನ್ ಕಾರ್ಡಾ ಇದು?" ಅಂತ ಬೈದಳು. ಐದು ವರ್ಷ ಆದಮೇಲೆ ನೀವು ಎಲ್ಲಿರುತ್ತೀರಿ ಎಂದು ಕೇಳುತ್ತಾರಂತೆ. "ಐವತ್ತೊಂದಕ್ಕೆ ಬಂದಿರ್ತೀನಿ, ಇನ್ನೆಲ್ಲಿರ್ತೀನಿ," ಅಂದೆ. ಅವಳು ನಗಲಿಲ್ಲ. ನನ್ನ ಉತ್ತರವನ್ನು ಅವಳೇ ಬರೆದು ಕೊಟ್ಟಳು, ನಾನು ಬಟ್ಟೆ ಒಣಹಾಕುವಾಗ, ಒಗ್ಗರಣೆ ಹಾಕುವಾಗ ಅದನ್ನು ಬಾಯಿಪಾಠ ಮಾಡಿದೆ. ತಲೆಗೆ ಡೈ ಹಚ್ಚಿದ್ದೂ ಅವಳೇ. ಎಡಗಿವಿಯ ತುದಿಗೆ ಕಪ್ಪಾಗಿ, ಸೋಪು ಹಾಕಿ ಉಜ್ಜಿದರೂ ಹೋಗಲಿಲ್ಲ.

"ಅವಳಿಗ್ಯಾಕೇ ಡೈ? ಎಲ್ಲೋ ಎರಡು ಕೂದಲು ಬೆಳ್ಳಗಾಗಿದೆ ಅಷ್ಟೆ," ಅಂದಳು ಅಮ್ಮ. ಅಣ್ಣನ ಮಗಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ.

ಆ ದಿನವೇ ಅಮ್ಮ ತನ್ನ ರಾಜಿಸೂತ್ರ ಮುಂದಿಟ್ಟಳು. ನಮ್ಮಲ್ಲಿ ಪರಸ್ಥಾನ ಇಡುವುದು ಎಂದೊಂದು ಉಪಾಯವಿದೆ. ಹೊರಡಬೇಕಾದ ಹೊತ್ತು ಕೆಟ್ಟದ್ದಾಗಿದ್ದರೆ, ಅದಕ್ಕೂ ಮುಂಚಿನ ಒಂದು ಒಳ್ಳೆಯ ಗಳಿಗೆಯಲ್ಲಿ ಹೊರಡುವವರ ಚೀಲವನ್ನೋ ಬಟ್ಟೆಯನ್ನೋ ಬೇರೆ ಮನೆಯಲ್ಲಿ ಇಟ್ಟು ಬರುವುದು. ಅಲ್ಲಿಗೆ ಪ್ರಯಾಣ ಶುರುವಾದ ಲೆಕ್ಕ. ಆಮೇಲೆ ಯಾವಾಗಲಾದರೂ ಆ ಮನೆಗೆ ಹೋಗಿ ಚೀಲ ಎತ್ತಿಕೊಂಡು ನಡೆದರೆ ರಾಹುವಿನ ಆಟ ನಡೆಯುವುದಿಲ್ಲ. ಗ್ರಹಗಳಿಗೇ ಟೋಪಿ ಹಾಕುವ ಕೆಲಸ ಇದು ಎಂದು ನಾನು ಚಿಕ್ಕಂದಿನಿಂದ ಆಡಿಕೊಳ್ಳುತ್ತಿದ್ದೆ. ಆ ದಿನ ಮಾತ್ರ ಆಡಿಕೊಳ್ಳಲಿಲ್ಲ. ಮಾರ್ಕ್ಸ್ ಕಾರ್ಡುಗಳು, ಫ್ಯಾಕ್ಟರಿಯ ಯಜಮಾನರು ಕೊಟ್ಟಿದ್ದ ಸರ್ವಿಸ್ ಸರ್ಟಿಫಿಕೇಟು, ಟೈಪಿಂಗ್ ಪರೀಕ್ಷೆಯದು, ಎಲ್ಲ ಇದ್ದ ಫೈಲನ್ನು ಹೊಸ ಚೀಲಕ್ಕೆ ಹಾಕಿದೆ. ಅಮ್ಮ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಊಟಕ್ಕೆ ಮುಂಚೆ ಎದುರು ಮನೆಯ ಆಂಟಿಯ ದೇವರ ಗೂಡಿನ ಪಕ್ಕ ಇಟ್ಟು ಬಂದಳು. ಆಂಟಿ ಒಬ್ಬರೇ ಇರುವುದು, ಮನೆ ಬಿಟ್ಟು ಕದಲುವವರಲ್ಲ. ಅಷ್ಟು ಭದ್ರವಾದ ಜಾಗ ಇನ್ನೊಂದಿರಲಿಲ್ಲ.

ಸೋಮವಾರ ನಾನು ಸೀರೆ ಉಟ್ಟು, ಪಿನ್ನು ಚುಚ್ಚಿ, ಎಂಟೂವರೆಗೆ ಹೊರಗೆ ಬಂದರೆ ಎದುರು ಮನೆಗೆ ಬೀಗ.

ಮೊದಲು ಹಾಲಿಗೆ ಹೋಗಿರಬೇಕು ಅಂದುಕೊಂಡೆವು. ಪಕ್ಕದ ಮನೆಯವರು ಹಲ್ಲುಜ್ಜುತ್ತಾ ಬಂದು ಹೇಳಿದರು: ಬೆಳಗಿನ ಜಾವ ಫೋನ್ ಬಂತು, ಕುಣಿಗಲ್ ಕಡೆ ಅವರ ತಮ್ಮ ಹೋಗಿಬಿಟ್ಟರಂತೆ, ಎದ್ದವರೇ ಆಟೋ ಹಿಡಿದು ಹೋದರು. ಅಮ್ಮನ ಕೈ ಹಾಗೇ ಬಾಯಿ ಮೇಲೆ ಹೋಯಿತು. ನಾನು ಆಂಟಿಗೆ ಫೋನ್ ಮಾಡಿದೆ. ಎರಡು ಸಲ ಎತ್ತಲಿಲ್ಲ, ಮೂರನೇ ಸಲ ಎತ್ತಿದರು.

"ನನ್ನ ಎತ್ತಿ ಆಡಿಸಿದ ಕೈ ಕಣೇ, ನಾನು ಎತ್ತಿ ಆಡಿಸಿದ ಮಗು ಕಣೇ," ಎಂದು ಯಾವುದು ಯಾವುದಕ್ಕೆ ಎಂದು ಗೊತ್ತಾಗದ ಹಾಗೆ ಅಳುತ್ತಿದ್ದರು. ಹಿಂದುಗಡೆ ಇನ್ನೂ ಯಾರಾರೋ ಅಳುತ್ತಿದ್ದರು. ಹಾಗೆ ಅಳುವವರ ಹತ್ತಿರ ಬೀಗದ ಕೈ ಎಲ್ಲಿ ಅಂತ ಕೇಳಲಿಕ್ಕಾಗುತ್ತದೆಯೇ? ಸಮಾಧಾನ ಮಾಡ್ಕೊಳ್ಳಿ ಆಂಟಿ, ಧೈರ್ಯ ತಂದ್ಕೊಳ್ಳಿ ಎಂದು ಹೇಳಿ ಇಟ್ಟೆ. ಇಟ್ಟ ಮೇಲೆ ಅಮ್ಮನ ಮೇಲೆ ಹರಿಹಾಯ್ದೆ. ಇಡೀ ವಠಾರ ಕೇಳುವ ಹಾಗೆ, ನಿನ್ನ ರಾಹು ನಿನ್ನ ಕೇತು, ಮನೇಲಿದ್ದ ಫೈಲನ್ನ ಕಂಡವರ ಮನೇಲಿಟ್ಟು ನನ್ನ ಬಾಯಿಗೆ ಮಣ್ಣು ಹಾಕಿದೆಯಲ್ಲ ಅಂದೆ. ಅಮ್ಮ ಸಣ್ಣ ದನಿಯಲ್ಲಿ, "ಆ ಬೀಗನಾದ್ರೂ ಮುಟ್ಟಿ ಹೋಗು. ಅಲ್ಲಿಂದ ಹೊರಟಂಗೆ ಆಗುತ್ತೆ," ಅಂದಳು.

ಮುಟ್ಟಿ ಹೋದೆ. ಅಷ್ಟು ಸಿಟ್ಟಿನಲ್ಲೂ ಮುಟ್ಟಿದೆ.

ದೀಪಾಂಜಲಿನಗರದಲ್ಲಿ ಮೆಟ್ರೋ ಹತ್ತಿ ವಿಜಯನಗರದಲ್ಲಿ ಇಳಿದು ಬಸ್ಸು ಹಿಡಿಯುವವರೆಗೂ ಒಂದೇ ಯೋಚನೆ: ಫೈಲ್ ಎಲ್ಲಿ ಎಂದು ಕೇಳಿದರೆ ಏನು ಹೇಳುವುದು? ಬಾಯಿಪಾಠ ಮಾಡಿದ್ದೆಲ್ಲ ಮರೆತು ಈ ಹೊಸ ಪ್ರಶ್ನೆಗೆ ಇಂಗ್ಲಿಷ್ ಹೊಂದಿಸುತ್ತಿದ್ದೆ. ಪರಸ್ಥಾನವನ್ನು ಇಂಗ್ಲಿಷಿನಲ್ಲಿ ಯಾವ ಬಾಯಲ್ಲಿ ಹೇಳುವುದು? ಹೇಳಿದರೆ, ಇಂಥವಳನ್ನು ರಿಸೆಪ್ಷನ್ನಿನಲ್ಲಿ ಕೂರಿಸಿದರೆ ಬಂದ ರೋಗಿಗಳಿಗೆಲ್ಲ ರಾಹುಕಾಲ ಹೇಳುತ್ತಾಳೆ ಅಂದುಕೊಳ್ಳುವುದಿಲ್ಲವೇ? ಆಟೋದಲ್ಲಿ ಬಿಟ್ಟು ಬಂದೆ ಎಂದು ಸುಳ್ಳು ಹೇಳೋಣ ಅನ್ನಿಸಿತು. ಸಾಮಾನು ಬಿಟ್ಟು ಬರುವವಳು ಅನ್ನುತ್ತಾರೆ, ಬೇಡ. ಎದುರು ಮನೆಯವರಲ್ಲಿ ಸಾವು ಎಂಬುದೇ ಸರಿ, ಅದು ನಿಜವೂ ಹೌದು. ಕೈಯಲ್ಲಿ ಏನೂ ಇಲ್ಲದೆ ನಡೆಯುವುದು ಮೈಮೇಲೆ ಬಟ್ಟೆ ಇಲ್ಲದ ಹಾಗಿತ್ತು.

ಅಲ್ಲಿ ಕಾಯುವ ಜಾಗದಲ್ಲಿ ಕುರ್ಚಿಗಳ ತುಂಬ ಹುಡುಗಿಯರು. ಎಲ್ಲರ ತೊಡೆಯ ಮೇಲೂ ಒಂದೊಂದು ಫೈಲು. ನಾನು ಖಾಲಿ ಇದ್ದ ಕುರ್ಚಿಯಲ್ಲಿ ಕೂತೆ. ಹೆಸರು ಬರೆದುಕೊಳ್ಳುತ್ತಿದ್ದ ಹುಡುಗಿ ನನ್ನ ಹತ್ತಿರ ಬಂದು ಬಗ್ಗಿ, ಬಹಳ ಮರ್ಯಾದೆಯಿಂದ ಹೇಳಿದಳು:

"ಆಂಟಿ, ಪೇರೆಂಟ್ಸ್ ಹೊರಗಡೆ ವೆಯ್ಟ್ ಮಾಡ್ಬೇಕು. ಇಲ್ಲಿ ಕ್ಯಾಂಡಿಡೇಟ್ಸ್ ಮಾತ್ರ."

"ನಾನೇ ಕ್ಯಾಂಡಿಡೇಟು," ಅಂದೆ.

ಅವಳ ಮುಖ ಕೆಂಪಾಯಿತು. ಸಾರಿ ಆಂಟಿ ಅಂದಳು, ಅದನ್ನು ತಿದ್ದಿ ಸಾರಿ ಮೇಡಂ ಅಂದಳು. ಪಾಪ, ಒಳ್ಳೆಯ ಹುಡುಗಿ. ಪಕ್ಕದಲ್ಲಿದ್ದವರು ಮೊಬೈಲಿನಲ್ಲಿ ಮುಖ ಹುದುಗಿಸಿದರು. ನನಗೆ ಆ ಗಳಿಗೆಯಲ್ಲೇ ಎಲ್ಲ ಗೊತ್ತಾಗಿಹೋಯಿತು. ಎದ್ದು ಬಂದುಬಿಡಬೇಕಿತ್ತು, ಆದರೂ ಹೆಸರು ಕರೆಯುವವರೆಗೂ ಕೂತಿದ್ದೆ.

ಒಳಗೆ ಕೂತಿದ್ದವನು ನನಗಿಂತ ಬಹಳ ಚಿಕ್ಕವನು. ನಾನು ಬಾಗಿಲು ತೆಗೆದಾಗ ಎದ್ದು ನಿಂತ, ಯಾರದೋ ತಾಯಿ ಬಂದ ಹಾಗೆ. ಆಮೇಲೆ ಕೂತು ನನ್ನ ಬಯೋಡೇಟಾ ತಿರುವಿದ, ಹಿಂದೆಯೂ ನೋಡಿದ.

"ಇದ್ರಲ್ಲಿ ಏಜ್ ಹಾಕಿಲ್ವಲ್ಲ ಮೇಡಂ."

ಹೇಳಿದೆ. ಅವನು ತಲೆಯಾಡಿಸಿದ. "ಎಕ್ಸ್‌ಪೀರಿಯೆನ್ಸ್ ತುಂಬಾ ಚೆನ್ನಾಗಿದೆ. ಫ್ರಂಟ್ ಆಫೀಸ್‌ಗೆ ನಾವು ಸ್ವಲ್ಪ ಯಂಗ್ ಟೀಮ್ ನೋಡ್ತಾ ಇದೀವಿ. ಬೇರೆ ಏನಾದ್ರೂ ಇದ್ರೆ ಖಂಡಿತ ತಿಳಿಸ್ತೀವಿ."

ನಿಮ್ಮ ಬಗ್ಗೆ ಹೇಳಿ ಅನ್ನಲಿಲ್ಲ. ಐದು ವರ್ಷದ ಮಾತೂ ಬರಲಿಲ್ಲ. ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದದ್ದು ವ್ಯರ್ಥವಾಗಬಾರದು ಎಂಬಂತೆ ನಾನೇ ಬಾಯಿಬಿಟ್ಟೆ: "ಸಾರ್, ಸರ್ಟಿಫಿಕೇಟ್ಸು, ನಮ್ಮ ಎದುರು ಮನೇಲಿ..."

"ಪರವಾಗಿಲ್ಲ ಮೇಡಂ. ಅದೆಲ್ಲ ಸೆಲೆಕ್ಟ್ ಆದೋರದ್ದು ಮಾತ್ರ ನೋಡ್ತೀವಿ."

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. "ಫೈಲ್ ಇಲ್ದೆ ಇದ್ದಿದ್ದಕ್ಕೆ ಏನಾದ್ರೂ ಅಂದ್ರಾ?" ಎಂದು ಕೇಳಿದಳು. ನಾನು ಮುಖ ತೊಳೆಯಲು ಹೋದೆ. ಅವಳಿಗೆ ಬೇಕಾದ ಉತ್ತರ ಅದರಲ್ಲೇ ಸಿಕ್ಕಿತು.

ಅಂದಿನಿಂದ ಅಮ್ಮ ಒಂದೇ ರಾಗ ಹಿಡಿದಳು. ಬಂದವರಿಗೆಲ್ಲ, "ಕೈಗೆ ಬಂದ ಕೆಲ್ಸ ನನ್ನಿಂದ ಹೋಯ್ತು," ಅನ್ನುತ್ತಿದ್ದಳು. ಮೈಸೂರು ರಸ್ತೆಯ ಆಂಜನೇಯನ ಗುಡಿಗೆ ಮಂಡಿ ನೋವಿನಲ್ಲೂ ನಡೆದು ಹೋಗಿ ತಪ್ಪುಕಾಣಿಕೆ ಹಾಕಿ ಬಂದಳು. ಎದುರು ಮನೆಯ ಆಂಟಿ ತಮ್ಮನ ತಿಥಿ ಮುಗಿಸಿಕೊಂಡು ಬಂದು, ಚೀಲ ಕೈಗೆ ಕೊಟ್ಟು, ಅವರೂ ಕಣ್ಣೀರು ಹಾಕಿದರು. ಇಬ್ಬರೂ ಒಬ್ಬರಿಗೊಬ್ಬರು ಕ್ಷಮೆ ಕೇಳಿಕೊಂಡರು. ಅಮ್ಮ ತಟ್ಟೆಗೆ ಬಡಿಸಿಕೊಂಡ ಅನ್ನವನ್ನು ಅರ್ಧಕ್ಕೇ ಬಿಡುತ್ತಿದ್ದಳು. ಅವಳನ್ನು ನೋಡಿ ನನಗೆ ಸಂಕಟ, ಅದರ ಬೆನ್ನಿಗೇ ಸಿಟ್ಟು.

ಒಂದು ಮಧ್ಯಾಹ್ನ ಇಬ್ಬರೂ ಅವರೆಕಾಳು ಹಿಸುಕುತ್ತಾ ಕೂತಿದ್ದೆವು. ಅಮ್ಮ ಮತ್ತೆ ನಿಟ್ಟುಸಿರು ಬಿಟ್ಟಳು. ಅವಳ ಎದೆಯ ಭಾರ ಇಳಿಸಿಬಿಡೋಣ ಎಂದು ಹೇಳಿದೆ:

"ಅಮ್ಮ, ಆ ಫೈಲನ್ನ ಅವರು ಕೇಳ್ಲೇ ಇಲ್ಲ. ತಗೊಂಡು ಹೋಗಿದ್ರೂ ಅಷ್ಟೇ ಆಗ್ತಿತ್ತು. ನೀನು ಅದನ್ನ ಮನಸ್ಸಿಗೆ ಹಚ್ಕೋಬೇಡ."

"ಮತ್ತ್ಯಾಕೆ ಕೊಡ್ಲಿಲ್ಲ ಕೆಲ್ಸ?"

"ವಯಸ್ಸಾಯ್ತು ಅಂತ."

"ಯಾರಿಗೆ?"

ನಿಜವಾಗಿ ತಿಳಿಯದೆ ಕೇಳಿದ್ದಳು. ಆ ಹುಡುಗಿ ಹೊರಗೆ ಕೂತ್ಕೊಳ್ಳಿ ಅಂದಾಗ ಬಾರದ ಅಳು ಈಗ ಬಂತು.

"ನಂಗೆ ಕಣಮ್ಮ," ಅಂದೆ.

ಅಮ್ಮ ಕೈಯಲ್ಲಿದ್ದ ಕಾಳು ಬಿಟ್ಟು ನನ್ನನ್ನು ನೋಡಿದಳು. ಬೈತಲೆ ನೋಡಿದಳು, ಡೈ ಹೋಗಿ ಬೆಳ್ಳಗೆ ಬಂದಿದ್ದ ಕಡೆ. ಕುತ್ತಿಗೆ ನೋಡಿದಳು. ಬೀಗ ಬಿದ್ದದ್ದರಿಂದ ಕೆಲಸ ಹೋಯಿತು ಎಂದು ನಂಬಿದ್ದಷ್ಟು ದಿನ ಅವಳಿಗೆ ಮುಂದಿನ ಸಲ ಎಂಬುದೊಂದು ಇತ್ತು. ಒಳ್ಳೆಯ ಗಳಿಗೆ ನೋಡಿ, ಇನ್ನೂ ಭದ್ರವಾದ ಮನೆಯಲ್ಲಿ ಚೀಲ ಇಟ್ಟರೆ ಆಯಿತು. ನಾನು ಅವಳ ತಪ್ಪನ್ನು ತೆಗೆದುಹಾಕುವ ಭರದಲ್ಲಿ ಅದನ್ನೂ ತೆಗೆದುಹಾಕಿದ್ದೆ. ಅವಳು ಮತ್ತೆ ಬಗ್ಗಿ ಕಾಳು ಹಿಸುಕತೊಡಗಿದಳು.

ಯುಗಾದಿ ಕಳೆದ ಮೇಲೆ ಕೆಂಗೇರಿಯ ಒಂದು ಸ್ಕೂಲಿನ ಆಫೀಸಿನಿಂದ ಕರೆ ಬಂತು. ಗುರುವಾರ, ಮಧ್ಯಾಹ್ನ ಎರಡೂವರೆಗೆ. ಓದಿ ಹೇಳಿ ಕಾದೆ. ಅಮ್ಮ ಕ್ಯಾಲೆಂಡರ್ ಕಡೆ ತಿರುಗಲಿಲ್ಲ.

"ಅಮ್ಮ, ಗುರುವಾರ ಆ ಹೊತ್ತಿಗೆ ರಾಹುಕಾಲ ಅಲ್ವಾ?"

"ಇರ್ಬೇಕು," ಅಂದಳು, ಹಾಸಿಗೆ ಹೊದಿಕೆ ಮಡಿಸುತ್ತಾ.

ಗುರುವಾರ ಬೆಳಿಗ್ಗೆ ಸ್ನಾನ ಮಾಡಿದವಳೇ ನಾನೇ ಚೀಲಕ್ಕೆ ಫೈಲ್ ಹಾಕಿದೆ, ನಾನೇ ಅದಕ್ಕೆ ಕುಂಕುಮ ಹಚ್ಚಿದೆ. ಅವಳಿಗೆ ಕಾಣುವ ಹಾಗೆ ಅವಳ ಮುಂದೆಯೇ ಹಾಯ್ದು ಹೋಗಿ ಎದುರು ಮನೆಯ ಬಾಗಿಲು ತಟ್ಟಿದೆ. ಹಿಂದಿನಿಂದ ಅಮ್ಮನ ದನಿ ಕೇಳಿತು. ಗದರಿಕೆಯೂ ಇಲ್ಲ, ಬೇಸರವೂ ಇಲ್ಲ.

"ಅದೆಲ್ಲ ಯಾಕೆ ಈಗ? ಬಾ ಒಳಗೆ, ತಿಂಡಿ ಆರ್ತಾ ಇದೆ."

ಆಂಟಿ ಬಾಗಿಲು ತೆಗೆದರು. ನಾನು ಚೀಲ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.