ಕಂಬಿ ಬಡಿಯದ ದಿನಗಳು

ನನಗೆ ಮರೆವು ಬಂದಿದೆಯೆಂದು ಮಲ್ಲಂದೂರಿನಲ್ಲಿ ಸುದ್ದಿ ಹಬ್ಬಿಸಿದವರು ಯಾರೋ ಗೊತ್ತಿಲ್ಲ. ಗೊತ್ತಾದರೆ ಅವರಿಗೆ ನನ್ನ ಅಂಗಡಿಯಿಂದ ಒಂದು ಬೆಂಕಿಪೊಟ್ಟಣವನ್ನೂ ಕೊಡುವುದಿಲ್ಲ. ನನಗೆ ಮರೆವು ಬಂದಿಲ್ಲ. ನನ್ನ ನೆನಪನ್ನು ಬೇರೆಯವರು ಬಿಚ್ಚಿಕೊಂಡು ಹೋಗಿದ್ದಾರೆ.

ನಮ್ಮ ಮನೆಯ ಹಿಂದಿನ ಕಾಫಿ ಎಸ್ಟೇಟಿನಲ್ಲಿ, ಆಳುಗಳ ಹಾಜರಿ, ಲೆಕ್ಕ ಬರೆಯುವ ರೈಟರನ ಆಫೀಸಿನ ಮುಂದೆ, ರೈಲುಕಂಬಿಯ ಒಂದು ತುಂಡನ್ನು ನೇತುಹಾಕಿದ್ದರು. ಆಳುಗಳಿಗೆ ಹೊತ್ತು ತಿಳಿಸಲು ಅದನ್ನು ದಿನಕ್ಕೆ ನಾಲ್ಕು ಸಲ ಬಡಿಯುತ್ತಿದ್ದರು: ಬೆಳಿಗ್ಗೆ ಹಾಜರಿಗೆ, ಹತ್ತು ಗಂಟೆಗೆ ಕಾಫಿಗೆ, ಮಧ್ಯಾಹ್ನ ಊಟಕ್ಕೆ, ಸಂಜೆ ಕೆಲಸ ಬಿಡುವುದಕ್ಕೆ. ಕಂಬಿ ಅವರದು, ಸದ್ದು ಊರಿನದು. ಅದನ್ನು ಕೇಳಿಯೇ ನಾವು ಹಾಲು ಕಾಯಿಸಿದೆವು, ಅನ್ನಕ್ಕಿಟ್ಟೆವು, ಮಕ್ಕಳನ್ನು ಶಾಲೆಗೆ ಅಟ್ಟಿದೆವು. ಹೆಂಡತಿ ಗಿರಿಜೆಯ ಕಣ್ಣಿನ ಪೊರೆ ತೆಗೆದ ಮೇಲೆ, ದಿನಕ್ಕೆ ನಾಲ್ಕು ಸಲ ಹನಿ ಹಾಕಿ ಎಂದು ಡಾಕ್ಟರು ಹೇಳಿದಾಗ ನಾನು ನಕ್ಕುಬಿಟ್ಟೆ. ನಾಲ್ಕು ಬಡಿತ, ನಾಲ್ಕು ಹನಿ. ಅವಳೇ ಹಾಕಿಕೊಂಡರೆ ಹನಿ ಕೆನ್ನೆಗೆ ಬೀಳುತ್ತದೆ, ಆದ್ದರಿಂದ ಕೆಲಸ ನನ್ನದು. ಒಂದು ವಾರ ಒಂದು ಸಲವೂ ತಪ್ಪಲಿಲ್ಲ.

ಎಂಟನೆಯ ದಿನ ಕಂಬಿ ಬಡಿಯಲಿಲ್ಲ. ಎಸ್ಟೇಟಿನ ಬಂಗಲೆ ಹೋಂಸ್ಟೇ ಆಗಿತ್ತು. ಬಂದ ಅತಿಥಿಗಳ ನಿದ್ದೆಗೆ ತೊಂದರೆಯಂತೆ. ದಾರಿಯುದ್ದಕ್ಕೂ ಹಾರ್ನ್ ಹೊಡೆದು ಊರನ್ನೆಲ್ಲ ಎಬ್ಬಿಸುವವರಿಗೆ ನಮ್ಮ ಕಂಬಿ ಗಲಾಟೆಯಾಯಿತು. ಎಸ್ಟೇಟಿನ ರೈಟರನ್ನು ದಾರಿಯಲ್ಲೇ ತಡೆದು ಕೇಳಿದೆ.

"ಎಂತ ಮಾಡೋದು, ಆಳುಗಳಿಗೆಲ್ಲ ಈಗ ವಾಟ್ಸಾಪಲ್ಲೇ ಹೇಳ್ತೀವಿ. ನೀವೂ ಫೋನಲ್ಲಿ ಅಲಾರಂ ಇಟ್ಕೊಳ್ಳಿ ಮಾರಾಯ್ರೆ" ಎಂದ.

ಇಟ್ಟುಕೊಂಡೆ. ಅದು ಹೊಡೆದುಕೊಂಡಾಗಲೆಲ್ಲ ರೀಚಾರ್ಜ್ ಮಾಡಿಸಿ ಎನ್ನುವ ಕರೆಯೆಂದುಕೊಂಡು ಹೆಬ್ಬೆರಳಿನಿಂದ ಒರೆಸಿಹಾಕಿದೆ. ನೆನಪು ತಲೆಯೊಳಗಿರುತ್ತದೆ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅದು ಇರುವುದು ಹೊರಗೆ, ಮೊಳೆಗೆ ನೇತುಹಾಕಿದ ಅಂಗಿಯ ಹಾಗೆ. ಅಡುಗೆಮನೆಗೆ ಯಾಕೆ ಬಂದೆನೆಂದು ಮರೆತವನಿಗೆ ಮತ್ತೆ ಜಗಲಿಗೆ ಹೋಗಿ ನಿಂತರೆ ನೆನಪಾಗುವುದಿಲ್ಲವೇ? ಮೊಳೆ ಕಿತ್ತವರೇ ಅಂಗಿ ಬಿದ್ದದ್ದಕ್ಕೆ ಅಂಗಿಯನ್ನು ಬೈಯುತ್ತಾರೆ. ಮೂರು ದಿನ ಅಂಗಡಿಗೆ ಬಂದವರಿಗೆಲ್ಲ ಇದನ್ನೇ ಹೇಳಿದೆ, ಒಳಗೆ ಬಂದು ಗಿರಿಜೆಗೂ ಹೇಳಿದೆ. ಹೇಳುತ್ತಾ ಹೇಳುತ್ತಾ ಹನಿ ಹಾಕುವುದನ್ನು ಮರೆತೆ.

ನಾಲ್ಕನೆಯ ದಿನ ಅವಳ ಕಣ್ಣು ಕೆಂಪಾಗಿ ಊದಿಕೊಂಡಿತು. ಚಿಕ್ಕಮಗಳೂರಿಗೆ ಓಡಿದೆವು. "ಇನ್ನೆರಡು ದಿನ ಬಿಟ್ಟಿದ್ರೆ ಕಣ್ಣೇ ಹೋಗ್ತಿತ್ತು" ಎಂದರು ಡಾಕ್ಟರು, ನನ್ನನ್ನೇ ನೋಡುತ್ತಾ. ವಾಪಸು ಬರುವಾಗ ಬಸ್ಸಿನಲ್ಲಿ ಎಸ್ಟೇಟಿನವರಿಗೂ ಅತಿಥಿಗಳಿಗೂ ಫೋನು ಕಂಡುಹಿಡಿದವನಿಗೂ ಶಾಪ ಹಾಕಿ, ಕೊನೆಗೆ ಅವಳ ಮೇಲೂ ಹರಿಹಾಯ್ದೆ. "ನಂಗೆ ಮರ್ತೋಯ್ತು ಸರಿ, ನಿಂಗೂ ನೆನಪಾಗ್ಲಿಲ್ವಾ?"

"ಮರೆಯೋದು ಹ್ಯಾಗೆ? ನಾಲ್ಕು ಹೊತ್ತೂ ಕಣ್ಣು ಉರೀತಿತ್ತು" ಎಂದಳು ಗಿರಿಜೆ. "ಹೇಳೋಣ ಅಂತ ಬಂದಾಗೆಲ್ಲ ನೀವು ಕಂಬಿ ವಿಷಯಕ್ಕೆ ಕೂಗಾಡ್ತಿದ್ರಿ. ನಿಮ್ಮ ಸಿಟ್ಟು ಇಳೀಲಿ ಅಂತ ಕಾದೆ."

ಬಸ್ಸಿನಲ್ಲಿ ಅಷ್ಟು ಜನರಿದ್ದರೂ ಬೈಯಲು ಇನ್ನೊಬ್ಬ ಸಿಗಲಿಲ್ಲ. ಅವಳ ಕೈಯಿಂದ ಹೊಸ ಸೀಸೆ ಇಸಿದುಕೊಂಡೆ. ಯಾರನ್ನೋ ಇಳಿಸಲು ಬಸ್ಸು ನಿಂತಾಗ ಅವಳ ತಲೆಯನ್ನು ಸೀಟಿಗೆ ಒರಗಿಸಿ, "ಇನ್ಮೇಲೆ ನಾ ಎಷ್ಟೇ ಕೂಗಾಡ್ತಿದ್ರೂ ಕರಿ" ಎಂದೆ. ಎಂದವನು ಅಷ್ಟಕ್ಕೇ ನಿಲ್ಲಿಸದೆ, ತಪ್ಪು ಮೂಲತಃ ಆ ಹೋಂಸ್ಟೇಯವರದ್ದೇ ಎಂದು ಮತ್ತೆ ಶುರುಮಾಡಿದೆ.

"ಈಗ ಕರೀತಿದೀನಿ" ಎಂದಳು, ಕಣ್ಣು ತೆರೆದುಕೊಂಡೇ. "ಬಾಯಿ ಮುಚ್ಚಿ ಹನಿ ಹಾಕಿ."